ಹಿಮಕರಡಿಯ ಮೈಮೇಲೂ ಕೂದಲು, ಕಡಲ ಹುಳುವಿನ ಮೈಮೇಲೂ ಕೂದಲೇ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಶಾಲೆಯೊಂದರ ಗೋಡೆಪತ್ರಿಕೆಗೆ ಪ್ರಾಣಿಗಳ ಮೈಬಣ್ಣದ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತಿದೆ. ಹಿಮಕರಡಿಯ ಮೈಮೇಲಿರುವುದು ಕೂದಲು, ಸರಿ. ಸಮುದ್ರದ ತಳದ ಕೆಸರಿನಲ್ಲಿ ತೆವಳುವ ಸೀ ಮೌಸ್ ಎಂಬ ಹುಳುವಿನ ಮೈಮೇಲೂ ಅಂಥದ್ದೇ ಎಳೆಗಳಿವೆ. ಅವನ್ನೂ ಕೂದಲು ಅನ್ನಬಹುದಾ?

400 ಕಿಲೋ ದಾಟುವ ಕರಡಿಗೂ ಗೇಣುದ್ದ ಬೆಳೆದರೆ ಹೆಚ್ಚು ಅನ್ನುವ ಹುಳುವಿಗೂ ಎಲ್ಲಿಯ ಸಂಬಂಧ ಅಂತೀರಾ? ಇಬ್ಬರೂ ಬಣ್ಣದಲ್ಲಿ ಕಣ್ಣಿಗೆ ಮೋಸ ಮಾಡುವವರೇ. ಹಿಮಕರಡಿಯ ಕೂದಲಲ್ಲಿ ಬಿಳಿ ಬಣ್ಣವೇ ಇಲ್ಲ. ಹೊರಗಿನ ಉದ್ದ ಕೂದಲು ಒಳಗೆ ಟೊಳ್ಳು, ಬಣ್ಣವಿಲ್ಲದ್ದು. ಬೆಳಕು ಅದರಲ್ಲಿ ಚದುರುವುದರಿಂದ ನಮಗೆ ಬಿಳಿ ಕಾಣುತ್ತದೆ. ಕೆಳಗಿನ ಚರ್ಮವಂತೂ ಕಪ್ಪು. ಸೀ ಮೌಸಿನ ಎಳೆಯಲ್ಲೂ ಬಣ್ಣ ಹಚ್ಚಿದಂತಿಲ್ಲ. ನೇರ ಬೆಳಕಿಗೆ ಕೆಂಪು, ಓರೆ ಮಾಡಿದರೆ ಹಸಿರು, ನೀಲಿ. ಎಳೆಯ ಗೋಡೆಯೊಳಗೆ ಸಾಲಾಗಿ ಜೋಡಿಸಿಟ್ಟ ಅತಿ ಸಣ್ಣ ಟೊಳ್ಳುಗಳ ಆಟ ಅದು. ಬಂಕಾಪುರದ ಕೋಟೆಯಲ್ಲಿ ನವಿಲು ನೋಡಿ ಬಂದ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಗರಿಯ ನೀಲಿಯೂ ಹೀಗೇ ಒಳಗಿನ ಜೋಡಣೆಯಿಂದಲೇ ಬರುವುದು.

ಆದರೆ ವಸ್ತು ಬೇರೆ. ಕರಡಿಯ ಕೂದಲು ನಮ್ಮ ಕೂದಲಿನಂತೆ ಕೆರಾಟಿನ್. ಹುಳುವಿನದು ಕೈಟಿನ್, ಏಡಿಯ ಚಿಪ್ಪಿನಲ್ಲೂ ಇರುವಂಥದ್ದು. ಎರಡಕ್ಕೂ ಕೂದಲು ಅಂತ ಬರೆದರೆ ಮಕ್ಕಳು ಒಂದೇ ಎಂದುಕೊಳ್ಳುತ್ತಾರೆ.

ಹಾಗಾದರೆ ಏನನ್ನಬೇಕು? 'ರೋಮ' ಅಂದರೂ ಕೂದಲೇ, ಸುಮ್ನೆ ಶಾಲು ಹೊದಿಸಿದಂತೆ. 'ಮುಳ್ಳು' ದಪ್ಪ ಎಳೆಗೆ ಸರಿ, ರೇಷ್ಮೆಯಷ್ಟು ಸಣ್ಣದಕ್ಕೆ ಒಪ್ಪುವುದಿಲ್ಲ. 'ಬಿರುಗೂದಲು' ಪರವಾಗಿಲ್ಲ, ಆದರೆ ಅದರ ಹೊಟ್ಟೆಯಲ್ಲೂ ಕೂದಲಿದೆ.

ನನ್ನ ಮನಸ್ಸು ಹೋಗುತ್ತಿರುವುದು 'ಸುಂಕು' ಕಡೆಗೆ. ಜೋಳದ ರಾಶಿ ಮಾಡುವಾಗ ಕುತ್ತಿಗೆಗೆ, ಮೊಣಕೈ ಸಂದಿಗೆ ಸೇರಿಕೊಂಡು ಕಡಿಯುತ್ತದಲ್ಲ, ಅದು. 'ಮೈಗೆಲ್ಲಾ ಸುಂಕ ಹತ್ತೇತಿ, ಮೊದ್ಲ ಜಳಕಾ ಮಾಡ್ತೀನಿ' ಅನ್ನುವ ಮಾತು ನಮ್ಮ ಕಡೆ ಹೊಸದಲ್ಲ. ಸಣ್ಣದು, ಗಡಸು, ಚುಚ್ಚುವಂಥದ್ದು. ಸೀ ಮೌಸಿನ ದೂರದ ನೆಂಟ ಫೈರ್ ವರ್ಮ್ ಎಂಬ ಹುಳುವನ್ನು ಮುಟ್ಟಿದರೆ ಎಳೆಗಳು ಚರ್ಮದೊಳಗೆ ಮುರಿದು ಉಳಿದು ಉರಿಯುತ್ತವೆ. ಅದಕ್ಕಂತೂ ಸುಂಕು ಹೇಳಿ ಮಾಡಿಸಿದ ಪದ.

ತೊಡಕು ಒಂದೇ. ಆಡುವಾಗ ಕೊನೆಯ ಉಕಾರ ಬಿದ್ದು 'ಸುಂಕ' ಆಗುತ್ತದೆ. 'ಕಡಲ ಸುಂಕದ ಹುಳು' ಅಂದರೆ ಬಂದರಿನ ಕಸ್ಟಮ್ಸ್ ಸಾಹೇಬರು ನೆನಪಾಗುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆ ಬೇರೆ ಇದೆ!

ಹುಳುವಿನ ಹೆಸರನ್ನು 'ಕಡಲಿಲಿ' ಅಂತ ಮಾಡಲು ನನಗೆ ಇಷ್ಟವಿಲ್ಲ, ಮಕ್ಕಳು ಬಾಲ ಹುಡುಕುತ್ತಾರೆ. ಕರಡಿಯದು ಇನ್ನೊಂದು ತಮಾಷೆ. 1774ರಲ್ಲಿ ಫಿಪ್ಸ್ ಎಂಬ ಬ್ರಿಟಿಷ್ ನೌಕಾಧಿಕಾರಿ ಅದಕ್ಕಿಟ್ಟ ವೈಜ್ಞಾನಿಕ ಹೆಸರು ಅರ್ಸಸ್ ಮ್ಯಾರಿಟಿಮಸ್, ಅಂದರೆ ಕಡಲ ಕರಡಿ. ಹಿಮದ ಸುದ್ದಿಯೇ ಅದರಲ್ಲಿಲ್ಲ. ಇರಲಿ, ಹಿಮಕರಡಿ ರೂಢಿಯಾಗಿಬಿಟ್ಟಿದೆ.

ಗದಗ, ಹಾವೇರಿ ಕಡೆಯವರಲ್ಲಿ ಒಂದು ವಿನಂತಿ. ಕಂಬಳಿಹುಳದ ಮೈಮೇಲಿನದಕ್ಕೆ ನಿಮ್ಮ ಹೊಲದಲ್ಲಿ ಏನಂತೀರಿ? ಅದಕ್ಕೂ ಸುಂಕು ಅನ್ನುವ ರೂಢಿ ಎಲ್ಲಾದರೂ ಇದ್ದರೆ ಊರಿನ ಹೆಸರು ಸಮೇತ ತಿಳಿಸಿ.