ಅಜ್ಜನ ಪೆಟ್ಟಿಗೆಯ ಬೆಳ್ಳಿ ಡಾಲರ್ ಮತ್ತು ಅದರ ಮೇಲಿನ ಗುರುತುಗಳು: ಅನುಭವಿಗಳು ತಿಳಿಸಿ

ಪ್ರಶ್ನೆ, ಮಂಗಳೂರಿನಿಂದ

ನಮ್ಮ ತಾಯಿಯ ತಂದೆಯವರು ಹಡಗಿನಲ್ಲಿ ಅಡುಗೆಯವರಾಗಿ ಹಾಂಗ್‌ಕಾಂಗಿನವರೆಗೆ ಹೋಗಿಬರುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ 1909ರ ಬ್ರಿಟಿಷ್ ಟ್ರೇಡ್ ಡಾಲರೊಂದು (ಪೂರ್ವದೇಶಗಳ ವ್ಯಾಪಾರಕ್ಕೆಂದು ಹೊಡೆದ ಬೆಳ್ಳಿ ನಾಣ್ಯ) ಸಿಕ್ಕಿದೆ. ಅದರಲ್ಲಿ ಬ್ರಿಟಾನಿಯಾ ದೇವಿ ಹಿಡಿದ ತ್ರಿಶೂಲದ ನಡುಮೊನೆಯಲ್ಲಿ ಮುಂಬಯಿ ಟಂಕಸಾಲೆಯ ‘ಬಿ’ ಇದೆ. ಕೊನೆಯ 9ರ ಜೊತೆಗೆ ಬೇರೊಂದು ಅಂಕಿಯ ಸುಳಿವು ಇದ್ದಂತಿದೆ; ಗುರಾಣಿಯ ಬಳಿ ಚೀನೀ ಅಕ್ಷರದಂಥ ಎರಡು ಪುಟ್ಟ ಕುಳಿಗಳಿವೆ; ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟು ತೆಳುವಾದ ಉಬ್ಬುಗೆರೆ ಹರಿದಿದೆ. ಇವುಗಳಲ್ಲಿ ಅಚ್ಚಿನಿಂದಲೇ ಬಂದದ್ದು ಯಾವುದು, ಆಮೇಲೆ ಬಿದ್ದದ್ದು ಯಾವುದು? ಗ್ರೇಡಿಂಗ್ (ಸಂಸ್ಥೆಯೊಂದಕ್ಕೆ ಕಳುಹಿಸಿ ನಾಣ್ಯದ ಸಾಚಾತನ ಪರೀಕ್ಷಿಸಿ ದರ್ಜೆ ಕೊಡಿಸುವುದು) ಮಾಡಿಸಿದವರು ದಯವಿಟ್ಟು ತಿಳಿಸಬೇಕು.

ನ್ಯೂಜೆರ್ಸಿಯಿಂದ

ಗ್ರೇಡಿಂಗ್ ಎಂಬ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ 1921ರ ಮಾರ್ಗನ್ ಡಾಲರೊಂದರಲ್ಲಿ ಇಸವಿಯೂ ಅಕ್ಷರಗಳೂ ಜೋಡಿಯಾಗಿ ಕಾಣುತ್ತಿದ್ದುದರಿಂದ ಅದು ಡಬಲ್ ಡೈ (ಅಚ್ಚಿನಲ್ಲೇ ರೂಪ ಎರಡು ಬಾರಿ ಮೂಡಿರುವುದು) ಎಂದೇ ನಂಬಿ ಕಳುಹಿಸಿದೆ. ಗ್ರೇಡಿಂಗಿಗೆ 40 ಡಾಲರ್, ಅಚ್ಚಿನ ಬಗೆಯನ್ನು ಗುರುತಿಸುವುದಕ್ಕೆ ಪ್ರತ್ಯೇಕವಾಗಿ 18, ಹೋಗುವ ಅಂಚೆ ಮತ್ತು ವಿಮೆ 27, ಬರುವ ಅಂಚೆ 28, ಒಟ್ಟು 113 ಡಾಲರ್. ನಾಣ್ಯವನ್ನು ನಾನು ಕೊಂಡದ್ದು 34ಕ್ಕೆ. ಹನ್ನೊಂದು ವಾರ ಕಾಯಿಸಿದ ಮೇಲೆ ಚೀಟಿಯಲ್ಲಿ ಬಗೆಯ ಹೆಸರೇ ಇಲ್ಲದೆ ಅದು ಹಿಂದಿರುಗಿತು. ಕಾರಣ ಆಮೇಲೆ ತಿಳಿಯಿತು: ಅಚ್ಚು ಸಡಿಲವಾಗಿದ್ದು, ಹೊಡೆತದ ಕ್ಷಣದಲ್ಲಿ ಜಾರಿ ಅಕ್ಷರದ ಅಂಚನ್ನು ತಳ್ಳಿದರೆ, ಮೆಟ್ಟಿಲಿನಂಥ ಚಪ್ಪಟೆ ನೆರಳು ಮೂಡಿ ಅಕ್ಷರ ಸಣ್ಣಗಾಗುತ್ತದೆ. ನಿಜವಾದ ಡಬಲ್ ಡೈಯಲ್ಲಿ ಎರಡನೆಯ ರೂಪವೂ ದುಂಡಗೆ ಉಬ್ಬಿ, ಅಕ್ಷರ ದಪ್ಪವಾಗಿ, ಅದರ ತುದಿಗಳಲ್ಲಿ ಸೀಳು ಕಾಣುತ್ತದೆ. 1888ರ ನ್ಯೂ ಆರ್ಲಿಯನ್ಸ್ ಡಾಲರಿನಲ್ಲಿ ಲಿಬರ್ಟಿ ದೇವಿಯ ತುಟಿ, ಮೂಗು, ಗಲ್ಲ ಎರಡೆರಡಾಗಿ ಮೂಡಿರುವ ‘ಹಾಟ್ ಲಿಪ್ಸ್’ ಅನ್ನು ಒಮ್ಮೆ ನೋಡಿದವರು ಮತ್ತೆ ಮೋಸಹೋಗುವುದಿಲ್ಲ.

ಆದರೂ ನನ್ನ ಬಳಿ ನ್ಯೂ ಆರ್ಲಿಯನ್ಸ್ ಟಂಕಸಾಲೆಯ ‘ಓ’ ಇರುವ 1900ರ ಡಾಲರ್ ಇದೆ, ಆ ‘ಓ’ ಅಡಿಯಲ್ಲಿ ಕಾರ್ಸನ್ ಸಿಟಿ ಟಂಕಸಾಲೆಯ ‘ಸಿಸಿ’ಯ ಗುರುತು ಸ್ಪಷ್ಟವಾಗಿದೆ. ಕಾರ್ಸನ್ ಸಿಟಿಯಲ್ಲಿ 1893ರಲ್ಲಿ ನಾಣ್ಯ ಹೊಡೆಯುವುದು ನಿಂತ ಮೇಲೆ ಉಳಿದ ಹಿಂಬದಿಯ ಅಚ್ಚುಗಳ ಮೇಲೆ ‘ಓ’ ಕುಟ್ಟಿ ನ್ಯೂ ಆರ್ಲಿಯನ್ಸಿನಲ್ಲಿ ಬಳಸಿದರು. ಸಾಧಾರಣ ಡಾಲರಿನ ಬೆಲೆಗೆ ಅದನ್ನು ಕೊಟ್ಟ ಅಂಗಡಿಯವನು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದೇ ಇರಲಿಲ್ಲ.

ಹುಬ್ಬಳ್ಳಿಯಿಂದ

ಅಮೆರಿಕದ ಮಾತು ಅಮೆರಿಕಕ್ಕಿರಲಿ. ಒಂದೊಂದು ಗೀರಿಗೂ ನಂಬರು ಕೊಟ್ಟು, ಆ ನಂಬರಿಗೆ ಬೆಲೆ ಕಟ್ಟುವುದು ವ್ಯಾಪಾರವಲ್ಲದೆ ಮತ್ತೇನು? ನಾನು ಹದಿನಾಲ್ಕು ವರ್ಷಗಳಿಂದ ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗಳನ್ನು ಮಾತ್ರ ಕೂಡಿಸುತ್ತಿದ್ದೇನೆ. ಇಸವಿಯನ್ನು ಬದಲಿಸದೆ ವರ್ಷಗಟ್ಟಲೆ ಅದೇ ರೂಪಾಯಿಯನ್ನು ಹೊಡೆದ ಮುಂಬಯಿ ಟಂಕಸಾಲೆಯವರು ವರ್ಷವನ್ನು ಚುಕ್ಕಿಗಳಿಂದ ತಿಳಿಸಿದರು. ಗುರುತು ಎಂದರೆ ಅದು. ಟಂಕಸಾಲೆಯೇ ಬೇಕೆಂದು ಇಟ್ಟದ್ದು. ನನಗೆ ಬೇಕಾಗಿದ್ದ ಒಂದು ಚುಕ್ಕಿಯ ಜೋಡಣೆಗಾಗಿ 6,500 ರೂಪಾಯಿ ಕೊಟ್ಟು ತಂದ ನಾಣ್ಯದಲ್ಲಿ ಒಂದು ಚುಕ್ಕಿ ಬೆಸುಗೆಯಿಂದ ಕೂರಿಸಿದ್ದಾಗಿತ್ತು. ಹತ್ತುಪಟ್ಟಿನ ಲೂಪಿನಲ್ಲಿ ಬುಡದ ಸುತ್ತ ಸಣ್ಣ ಕಾಲುವೆ ಕಂಡಾಗ ರಾತ್ರಿ ಎರಡು ಗಂಟೆ. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಹೋಗಿಬರುವ ಬಸ್ಸಿನ ಖರ್ಚೇ 1,900 ಆಯಿತು.

ನ್ಯೂಜೆರ್ಸಿಯಿಂದ

ಚುಕ್ಕಿ ಎಣಿಸುವವರು ನಂಬರು ಎಣಿಸುವವರನ್ನು ಹೀಯಾಳಿಸುವುದು ವಿಚಿತ್ರವಾಗಿದೆ. ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಮಾರ್ಗನ್ ಡಾಲರುಗಳ ಅಚ್ಚಿನ ಬಗೆಗಳನ್ನು ನಂಬರು ಕೊಟ್ಟು ಪಟ್ಟಿ ಮಾಡದೆ ಇದ್ದಿದ್ದರೆ ಬಿರುಕು ಯಾವುದು, ಗೀರು ಯಾವುದು ಎಂದು ನಾವು ಇಂದಿಗೂ ಊಹಿಸುತ್ತ ಕೂತಿರುತ್ತಿದ್ದೆವು.

ಬೆಂಗಳೂರಿನಿಂದ

ನನ್ನದೂ ಮುಂಬಯಿಯ ‘ಬಿ’ ಡಾಲರೇ, 1902ರದು. ಮೂರು ಚಾಪ್‌ಗಳಿದ್ದವು. ನಮ್ಮಲ್ಲಿ ಚಿನಿವಾರರು ರೂಪಾಯಿಗೆ ಉಳಿ ತಾಗಿಸಿ ಬೆಳ್ಳಿಯನ್ನು ಪರೀಕ್ಷಿಸುತ್ತಿದ್ದಂತೆ ಚೀನದ ವರ್ತಕರು ತಮ್ಮ ಮುದ್ರೆ, ಅಂದರೆ ಚಾಪ್, ಒತ್ತಿ ಇದು ಸಾಚಾ ಎಂದು ದಾಟಿಸುತ್ತಿದ್ದರು. ಹೀಗೆ ಕುಳಿಯಾಗಿ ಒತ್ತಿದ್ದೆಲ್ಲ ಅಚ್ಚಿನಾಚೆಗಿನದು ಎಂದು ತಿಳಿದುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರೊಳಗೆ ವರಮಹಾಲಕ್ಷ್ಮಿ ಹಬ್ಬ ಬಂತು. ಕಲಶದ ಮುಂದೆ ಇಡಲೆಂದು ನಮ್ಮ ಅತ್ತೆಯವರು ಅದನ್ನು ಹುಣಸೆಹಣ್ಣಿನಲ್ಲಿ ನೆನೆಸಿ, ವಿಭೂತಿ ಹಾಕಿ, ಫಳಫಳ ಎನ್ನುವಂತೆ ಉಜ್ಜಿದರು. ಅವರನ್ನು ಏನನ್ನಲಿ? ನೂರು ವರ್ಷದ ಕಂದು-ನೀಲಿ ಛಾಯೆ ಅರ್ಧ ಗಂಟೆಯಲ್ಲಿ ಹೋಯಿತು. ಆಮೇಲೆ ಸಿಂಗಪುರಕ್ಕೆ ಹೊರಟಿದ್ದ ಭಾವನ ಕೈಯಲ್ಲಿ ಗ್ರೇಡಿಂಗಿಗೆ ಕಳುಹಿಸಿದೆ. ‘ಶುಚಿಗೊಳಿಸಲಾಗಿದೆ’ ಎಂಬ ಷರಾ ಬಂತು. ಎಲ್ಲ ಸೇರಿ 9,400 ರೂಪಾಯಿ ಕೈಬಿಟ್ಟಿತು.

ಮೈಸೂರಿನಿಂದ

ಭಾವನ ಕೈಯಲ್ಲಿ ಕಳುಹಿಸಿದೆ ಎಂದು ಬಹಿರಂಗವಾಗಿ ಬರೆಯುವುದಕ್ಕೆ ತಮಗೆ ಸಂಕೋಚವಾಗಲಿಲ್ಲವೇ? 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾತನ ವಸ್ತುವೇ, ಅದನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಪ್ರಶ್ನೆ ಕೇಳಿದವರ 1909ರ ನಾಣ್ಯಕ್ಕೂ ಇದು ಅನ್ವಯಿಸುತ್ತದೆ. ಮೂವತ್ತೊಂದು ವರ್ಷಗಳಲ್ಲಿ ನಾನು ಒಂದನ್ನೂ ಗ್ರೇಡಿಂಗಿನವರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿಲ್ಲ. ತಕ್ಕಡಿ, ಲೂಪ್, ಓರೆಯಾಗಿ ಬೀಳುವ ಬೆಳಕು, ಇವಿಷ್ಟೇ ನನ್ನ ಗ್ರೇಡಿಂಗ್. ಈ ಡಾಲರ್ 26.95 ಗ್ರಾಂ ಇರಬೇಕು, ಸವೆತಕ್ಕೆ ತುಸು ಕಳೆಯಿರಿ. ನಾನೂ ಒಮ್ಮೆ ಏಮಾರಿ 3,200 ರೂಪಾಯಿಗೆ ತಂದದ್ದು 23.4 ಗ್ರಾಂ ತೂಗಿತು. ಅದರ ಮೇಲೆ ಚಾಪ್‌ಗಳೂ ಇದ್ದವು, ಎಲ್ಲ ನಕಲಿ! ಅದನ್ನೀಗ ಕಾಗದದ ಭಾರಕ್ಕೆ ಇಟ್ಟುಕೊಂಡಿದ್ದೇನೆ.

ಬೆಂಗಳೂರಿನಿಂದ

ಕಾಯ್ದೆ ನನಗೆ ತಿಳಿದಿರಲಿಲ್ಲ, ತಪ್ಪಾಯಿತು. ಆದರೆ 23.4 ಗ್ರಾಮಿನ ನಾಣ್ಯವನ್ನು ತೂಗದೆ ಕೊಂಡವರು ಇನ್ನೊಬ್ಬರ ಸಂಕೋಚವನ್ನು ವಿಚಾರಿಸಬೇಕಾಗಿಲ್ಲ.

ಹುಬ್ಬಳ್ಳಿಯಿಂದ

ಅತ್ತೆಯವರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಹಬ್ಬಕ್ಕೆ ಇಡುವ ಬೆಳ್ಳಿಯನ್ನು ತೊಳೆಯದೆ ಇಡುತ್ತಾರೆಯೇ? ನನ್ನ ರೂಪಾಯಿಗಳು ದೇವರ ಕೋಣೆಯಿಂದ ದೂರ, ಅಕ್ಕಿ ಡಬ್ಬದ ಹಿಂದೆ ಇರುತ್ತವೆ.

ಪ್ರಶ್ನೆ ಕೇಳಿದವರು, ಮಂಗಳೂರಿನಿಂದ

ಎಲ್ಲರಿಗೂ ವಂದನೆಗಳು. ಮನೆಯ ಹತ್ತಿರದ ಚಿನ್ನದಂಗಡಿಯಲ್ಲಿ ತೂಗಿಸಿದೆ, 26.81 ಗ್ರಾಂ ಬಂತು. ಇದನ್ನು ಹೊರದೇಶಕ್ಕೆ ಕಳುಹಿಸುವುದಿಲ್ಲ, ತೊಳೆಯುವುದೂ ಇಲ್ಲ. ಆದರೆ ಆ 9ರ ವಿಷಯವನ್ನು ಯಾರೂ ಹೇಳಲಿಲ್ಲ.

ಮೈಸೂರಿನಿಂದ

ತೂಕ ಸರಿಯಿದೆ. ಹಳೆಯ ಅಚ್ಚನ್ನು ಎಸೆಯದೆ, ಅದರ ಮೇಲೆ ಹೊಸ ವರ್ಷದ ಅಂಕಿ ಕುಟ್ಟಿ ಬಳಸಿದ ಉದಾಹರಣೆಗಳು ಈ ಡಾಲರುಗಳಲ್ಲಿವೆ, 8ರ ಮೇಲೆ 9 ಇರುವ 1909 ಅವುಗಳಲ್ಲೊಂದು. 9ರ ಕೆಳಭಾಗದ ಎಡ ಬದಿ ತೆರೆದಿರುತ್ತದೆ. 8 ಅಡಿಯಲ್ಲಿದ್ದರೆ ಅದರ ಕೆಳಸುತ್ತಿನ ಎಡ ಬಾಗು ಅಲ್ಲೇ ಕಾಣಬೇಕು. ಅದು ಅಚ್ಚಿನಲ್ಲೇ ಇದ್ದುದರಿಂದ ನಾಣ್ಯದ ಮೇಲೆ ಉಬ್ಬಾಗಿರಬೇಕು, ಗೀರಾಗಿ ಒಳಸರಿದಿರಬಾರದು. ನಿಮ್ಮ ಉಬ್ಬುಗೆರೆಯ ಕಾರಣವೂ ಅದೇ: ಅಚ್ಚು ಬಿರಿದಾಗ ಬೆಳ್ಳಿ ಆ ಬಿರುಕಿನೊಳಗೆ ತುಂಬಿಕೊಳ್ಳುತ್ತದೆ. ಕುಳಿಗಳೆರಡೂ ಚಾಪ್‌ಗಳು.

ನ್ಯೂಜೆರ್ಸಿಯಿಂದ

ಬೆಳಕನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ನಾಲ್ಕು ಫೋಟೊ ತೆಗೆಯಿರಿ. ಒಂದೇ ದಿಕ್ಕಿನ ಬೆಳಕಿನಲ್ಲಿ ಕುಳಿಯೂ ಉಬ್ಬಿನಂತೆ ಕಾಣುತ್ತದೆ. ಅಂಥ ಒಂದು ಫೋಟೊ ನಂಬಿದ್ದೇ ನನ್ನ 113 ಡಾಲರ್ ಹೋಗಲು ಅರ್ಧ ಕಾರಣ.

ಹುಬ್ಬಳ್ಳಿಯಿಂದ

ಬೆಸುಗೆ ಹಾಕಿದ ಚುಕ್ಕಿಯೂ ಉಬ್ಬಾಗಿಯೇ ಇರುತ್ತದೆ ಎಂಬುದನ್ನು ಮೈಸೂರಿನವರು ಹೇಳಲಿಲ್ಲ. ಬುಡ ನೋಡಿ.