‘ಕನಿಷ್ಠ’ ಅಂತ ಇದ್ದರೆ ಲ.ಸಾ.ಅ.ನೇ ಮಾಡಬೇಕಾ?

ತೀರ್ಥಹಳ್ಳಿ ಅಮ್ಮ
ಮಗಳು ಏಳನೇ ಕ್ಲಾಸು. ಸಂಖ್ಯೆ ಕೊಟ್ಟು ಅವಿಭಾಜ್ಯ ಅಪವರ್ತನ ಮಾಡು ಅಂದ್ರೆ ನೀರು ಕುಡಿದಷ್ಟು ಸುಲಭ ಅವಳಿಗೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎಲ್ಲವನ್ನೂ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಮಾಡಬೇಕೋ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಎಲ್ಲದರಿಂದಲೂ ಭಾಗವಾಗೋ ಅತಿ ಚಿಕ್ಕ ಸಂಖ್ಯೆ) ಮಾಡಬೇಕೋ ಗೊತ್ತಾಗದೆ ಕೂತುಬಿಡುತ್ತಾಳೆ. ನಿನ್ನೆಯದು ಹೀಗಿತ್ತು: ನರ್ಸರಿಯಲ್ಲಿ 420 ಅಡಿಕೆ ಸಸಿ, 252 ಮೆಣಸಿನ ಬಳ್ಳಿ, 168 ಏಲಕ್ಕಿ ಸಸಿ ಇವೆ. ಒಂದು ಸಾಲಿನಲ್ಲಿ ಒಂದೇ ಜಾತಿ ಇರಬೇಕು, ಎಲ್ಲ ಸಾಲಿನಲ್ಲೂ ಲೆಕ್ಕ ಸಮ ಇರಬೇಕು. ಕನಿಷ್ಠ ಎಷ್ಟು ಸಾಲು? ‘ಕನಿಷ್ಠ’ ಅಂದ್ರೆ ಲ.ಸಾ.ಅ. ಅಂತ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದರಂತೆ. ಹಾಗೇ ಮಾಡಿದಳು, 2520 ಬಂತು. ಉತ್ತರ ತಪ್ಪು. ಏನು ಹೇಳಿಕೊಡಲಿ?

ಸಾಗರದ ಮೇಷ್ಟ್ರು
ಅಮ್ಮಾ, ಆ ಕನಿಷ್ಠ–ಗರಿಷ್ಠದ ಸೂತ್ರ ಮೊದಲು ಮರೆಸಿಬಿಡಿ. ಎಷ್ಟೋ ಮಕ್ಕಳು ಅದರಿಂದಲೇ ಎಡವುತ್ತಾರೆ, ನೋಡಿ ನೋಡಿ ಬೇಜಾರಾಗಿದೆ. ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಕೊಟ್ಟಿರೋದನ್ನು ಸಮವಾಗಿ ಒಡೆಯಬೇಕಾ, ಇಲ್ಲ ಮತ್ತೆ ಮತ್ತೆ ಕೂಡಿಸಿಕೊಂಡು ಹೋಗಬೇಕಾ? ಒಡೆಯೋದಾದ್ರೆ ಮ.ಸಾ.ಅ., ಕೂಡಿಸಿಕೊಂಡು ಹೋಗೋದಾದ್ರೆ ಲ.ಸಾ.ಅ.

ಇಲ್ಲಿ ಇರೋದೇ ಒಟ್ಟು 840 ಗಿಡ, ಒಂದು ಸಾಲಿಗೆ 2520 ಎಲ್ಲಿಂದ ತರೋದು? ಅಪವರ್ತನ ಬರೆದು ನೋಡಿ.

420 = 2×2×3×5×7
252 = 2×2×3×3×7
168 = 2×2×2×3×7

ಮೂರರಲ್ಲೂ ಇರೋದು 2×2×3×7, ಅಂದ್ರೆ 84. ಒಂದು ಸಾಲಿಗೆ ಅಷ್ಟು ಗಿಡ. ಇನ್ನು ಭಾಗಾಕಾರವೂ ಬೇಡ, ಆ 84 ತೆಗೆದ ಮೇಲೆ ಅಡಿಕೆಗೆ ಉಳಿದದ್ದು 5, ಮೆಣಸಿಗೆ 3, ಏಲಕ್ಕಿಗೆ 2, ಅವೇ ಸಾಲುಗಳು. ಒಟ್ಟು 10. ಸಾಲು ಉದ್ದ ಆದಷ್ಟೂ ಸಾಲುಗಳ ಸಂಖ್ಯೆ ಕಡಿಮೆ, ಅದಕ್ಕೇ ‘ಕನಿಷ್ಠ’ ಅಂತ ಕೇಳಿದ್ದರೂ ಮಾಡಬೇಕಾದ್ದು ಮ.ಸಾ.ಅ.

ಲ.ಸಾ.ಅ.ಗೆ ಬಸ್ ಸ್ಟ್ಯಾಂಡ್ ಲೆಕ್ಕ ಕೊಡಿ. ಶಿವಮೊಗ್ಗದಿಂದ ಮೂರು ಊರಿಗೆ 18, 24, 30 ನಿಮಿಷಕ್ಕೊಂದು ಬಸ್ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 6ಕ್ಕೆ ಮೂರೂ ಒಟ್ಟಿಗೆ ಹೊರಟವು, ಮತ್ತೆ ಯಾವಾಗ ಒಟ್ಟಿಗೆ? 18ರಲ್ಲಿ 3×3 ಇದೆ, 24ರಲ್ಲಿ 2×2×2 ಇದೆ, 30ರಲ್ಲಿ 5 ಇದೆ. ಎಲ್ಲಕ್ಕೂ ಜಾಗ ಆಗಬೇಕು, ಆದರೆ ಒಂದನ್ನೇ ಎರಡು ಸಲ ಎಣಿಸಬಾರದು. 8×9×5 = 360 ನಿಮಿಷ, ಮಧ್ಯಾಹ್ನ 12 ಗಂಟೆ. ಸುಮ್ನೆ ಮೂರನ್ನೂ ಗುಣಿಸಿದರೆ 12960 ನಿಮಿಷ ಬರುತ್ತೆ, ಒಂಬತ್ತು ದಿನ ಕಾಯಬೇಕು!

ಜೀರುಂಡೆ
ಸುಮ್ನೆ ಗುಣಿಸಿದರೆ ಸರಿಯಾಗೋ ಸಂದರ್ಭವೂ ಇದೆ, ಸಾಮಾನ್ಯ ಅಪವರ್ತನ ಇಲ್ಲದಾಗ. ನಮ್ಮ ಕಾಡಲ್ಲಿ ಕಿರ್ರೋ ಅನ್ನೋ ಜೀರುಂಡೆಯ ಜಾತಿಯವೇ ಅಮೆರಿಕದಲ್ಲಿ ಕೆಲವು ನೆಲದೊಳಗೆ ಇದ್ದು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ಹೊರಬರುತ್ತವೆ. ಎರಡೂ ಅವಿಭಾಜ್ಯ ಸಂಖ್ಯೆ. 13×17 = 221. 1803ರಲ್ಲಿ ಒಟ್ಟಿಗೆ ಬಂದಿದ್ದ ಎರಡು ಗುಂಪು ಮತ್ತೆ ಒಟ್ಟಿಗೆ ಬಂದದ್ದು 2024ರಲ್ಲಿ. ಮಗಳಿಗೆ ಹೇಳಿ, ಇಷ್ಟ ಆಗಬಹುದು.

ತೋಟದಮನೆ
ನಾನು ಇದನ್ನು ನಿಜವಾಗಿ ಬಳಸಿದ್ದೀನಿ. ಅಡಿಕೆ ಒಣಗಿಸೋ ಅಂಗಳ 540 ಸೆಂ.ಮೀ. ಉದ್ದ, 378 ಸೆಂ.ಮೀ. ಅಗಲ ಇತ್ತು. ಚೌಕ ಕಲ್ಲು ಕತ್ತರಿಸದೆ ಕೂರಬೇಕು ಅಂತ ಆಸೆ. 540 = 2×2×3×3×3×5, 378 = 2×3×3×3×7, ಮ.ಸಾ.ಅ. 54. ಆ ಅಳತೆಯ ಕಲ್ಲಾದ್ರೆ 10×7, ಅಂದ್ರೆ 70 ಕಲ್ಲು ಸಾಕು. ಆದರೆ ಅಂಗಡಿಯಲ್ಲಿ 54ರದ್ದು ಇರಲಿಲ್ಲ. 54ನ್ನು ಭಾಗಿಸೋ 27 ಅಥವಾ 18 ಆದರೂ ಸರಿಹೋಗುತ್ತಿತ್ತು, ಅವರ ಹತ್ತಿರ ಇದ್ದದ್ದು 30. ಅದು 540ಕ್ಕೆ ಸರಿ, 378ಕ್ಕೆ ಆಗಲ್ಲ, ಒಂದು ಬದಿ ಕತ್ತರಿಸಲೇಬೇಕಾಯಿತು. ಕತ್ತರಿಸೋದು ಯಾವ ಬದಿ ಅಂತ ಮೊದಲೇ ಗೊತ್ತಿದ್ದರಿಂದ ಗೋಡೆ ಕಡೆಗೆ ಹಾಕಿಸಿದೆ.

ತೀರ್ಥಹಳ್ಳಿ ಅಮ್ಮ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಒಡೆಯೋದಾ, ಕೂಡಿಸೋದಾ’ ಅಂತ ಕೇಳಿಕೊಂಡು ಐದು ಲೆಕ್ಕ ಅವಳೇ ಮಾಡಿದಳು. ಒಂದು ಉಳಿದಿದೆ ಮೇಷ್ಟ್ರೇ: ಚಕ್ಕುಲಿಯನ್ನು 8, 12, 15ರ ಪೊಟ್ಟಣ ಮಾಡಿದರೆ ಪ್ರತಿ ಸಲ 3 ಉಳಿಯುತ್ತೆ, ಚಕ್ಕುಲಿ ಕನಿಷ್ಠ ಎಷ್ಟು?

ಸಾಗರದ ಮೇಷ್ಟ್ರು
ಆ 3 ಚಕ್ಕುಲಿ ಪಕ್ಕಕ್ಕೆ ಎತ್ತಿಡಿ. ಉಳಿದದ್ದು ಮೂರಕ್ಕೂ ಸರಿಯಾಗಿ ಕೂರಬೇಕು ಅಲ್ವಾ? 2×2×2×3×5 = 120. ಎತ್ತಿಟ್ಟ 3 ವಾಪಸ್ ಸೇರಿಸಿ, 123. (ಬರೀ 3 ಚಕ್ಕುಲಿ ಇದ್ದರೆ ಪೊಟ್ಟಣವೇ ಆಗಲ್ಲ, ಅದನ್ನು ಬಿಟ್ಟಿದ್ದೀನಿ.)