ಸಹಾಯ ಬೇಕು: ಹಳೇ ಇಂಗ್ಲಿಷ್ ಕುಣಿತದ ಟ್ಯೂನ್ ಕಟ್ಟಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿನ ಕಂಟ್ರಿ ಡ್ಯಾನ್ಸ್ ಗುಂಪಿಗೆ ಪಿಟೀಲು ನುಡಿಸ್ತೀನಿ. ಕಾರ್ಯಕ್ರಮದ ಹಾಳೆಯಲ್ಲಿ ಪ್ರತಿ ಟ್ಯೂನಿನ ಪಕ್ಕ ಅದನ್ನ ಕಟ್ಟಿದವರ ಹೆಸರು ಹಾಕ್ಬೇಕಂತೆ, ಆ ಕೆಲಸ ನನ್ನ ತಲೆಗೆ ಬಂದಿದೆ.

ಎಲ್ಲಿ ನೋಡಿದ್ರೂ ‘ಪ್ಲೇಫೋರ್ಡ್’ ಅಂತಲೇ ಇದೆ. ಆದ್ರೆ ಜಾನ್ ಪ್ಲೇಫೋರ್ಡ್ ಪ್ರಕಾಶಕ. 1651ರಲ್ಲಿ 105 ಕುಣಿತಗಳ ಪುಸ್ತಕ ಹಾಕಿದ, ಆಮೇಲೆ ಮಗ ಹೆನ್ರಿ ಮುಂದುವರಿಸಿದ. ಅವರನ್ನ ಸಂಗೀತಗಾರರು ಅಂತ ಬರೆದ್ರೆ ಜಾನಪದ ಗೀತೆಗೆ ಅಚ್ಚು ಹಾಕಿದವರ ಹೆಸರು ಕೊಟ್ಟಂಗಾಗತ್ತೆ!

ಹೆಸರಿಟ್ಟು ಹುಡುಕಿದೆ. ‘ಹೋಲ್ ಇನ್ ದ ವಾಲ್’ ಮಾತ್ರ ಸಿಕ್ತು: ಇಂಗ್ಲಿಷ್ ಸಂಗೀತಗಾರ ಪರ್ಸೆಲ್ 1695ರಲ್ಲಿ ‘ಅಬ್ದೆಲಾಜರ್’ ನಾಟಕಕ್ಕೆ ಬರೆದ ಹಾರ್ನ್‌ಪೈಪ್ (ಒಂದು ಬಗೆಯ ಕುಣಿತದ ಟ್ಯೂನ್) ಅದು. ಅಂದ್ರೆ ಕುಣಿತಕ್ಕೆ ಬಂದಾಗ ಟ್ಯೂನಿನ ಹೆಸರೇ ಬದಲಾಗಿದೆ. ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ‘ಮಿಸ್ಟರ್ ಬೆವರಿಜ್ಸ್ ಮ್ಯಾಗಟ್’ ಥರದವಕ್ಕೆ (ಇಲ್ಲಿ ಮ್ಯಾಗಟ್ ಅಂದ್ರೆ ಹುಳ ಅಲ್ಲ, ಖಯಾಲಿ) ಹೆಸರು ಹಿಡಿದು ಹೋದ್ರೆ ದಾರಿ ಮುಚ್ಚಿಹೋಗತ್ತೆ.

ಹೆಸರು ಬಿಟ್ಟು, ಮೊದಲ ಎರಡು ಸಾಲಿನ ಸ್ವರ ಕೊಟ್ಟು ಹುಡುಕೋ ಸೂಚಿ ಯಾವುದು? ಕರ್ತೃ ಸಿಗದಿದ್ರೆ ಹಾಳೆಯಲ್ಲಿ ‘ಸಾಂಪ್ರದಾಯಿಕ’ ಅಂತ ಬರೀಬೇಕಾ, ‘ಪ್ರಕಟಣೆ: ಪ್ಲೇಫೋರ್ಡ್’ ಅಂತಲಾ?